ಹಿತ್ತಲಲ್ಲಿ ಹೂತ ಚೀಲ

ಬಡಿಸಣ್ಣನ ಆ ದಿನದ ಫಜೀತಿ ಶುರುವಾದದ್ದು ಒಂದು ಗಿಡ್ಡ ಕೋಲಿನಿಂದ. ಮೂರು ತಿಂಗಳ ಹಿಂದೆ ಹಿತ್ತಲಲ್ಲಿ ಗುರುತಿಗೆಂದು ಅವನೇ ನೆಟ್ಟಿದ್ದ ಕೋಲು, ಬೆಳಿಗ್ಗೆ ಎದ್ದು ನೋಡಿದರೆ ಇರಲಿಲ್ಲ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಅಂಗಳದಲ್ಲಿ ಟೊಮೆಟೊ ಗಿಡವೊಂದು ಅದಕ್ಕೆ ಒರಗಿಕೊಂಡು ನೆಮ್ಮದಿಯಾಗಿ ನಿಂತಿತ್ತು. ಕೇಳಿದ್ದಕ್ಕೆ ಪೋಸ್ಟ್‌ಮಾಸ್ಟರರು, ಕೋಲು ಸುಮ್ಮನೆ ನಿಂತಿತ್ತು, ಏನಾದರೂ ಕೆಲಸ ಮಾಡಲಿ ಅಂತ ತಂದೆ ಎಂದರು.

ಕೋಲಿದ್ದ ಜಾಗದಲ್ಲಿ ಒಂದು ಚೀಲ ಹೂತಿತ್ತು. ಮಧ್ಯಾಹ್ನ ಮೂರಕ್ಕೆ, ಪ್ರಯೋಗಾಲಯಕ್ಕೆ ಹಣ ಕೊಡುವ ಸಮಿತಿಯ ಅಧ್ಯಕ್ಷರು ಬಂದು ಅದನ್ನು ತೆಗೆಸಿ ನೋಡುವವರಿದ್ದರು. ಚೀಲ ಕರಗಿದ್ದರೆ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಪ್ರಯೋಗಾಲಯಕ್ಕೆ ಬೀಗ.

ಬಡಿಸಣ್ಣ ಅನ್ನುವುದು ಸಹೋದ್ಯೋಗಿಗಳು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಅವನ ಕೆಲಸ ಸೂಕ್ಷ್ಮಾಣುಗಳಿಗೆ ಊಟ ಬಡಿಸುವುದು. ಕಾಳು ಬಿಡಿಸಿದ ಮೇಲೆ ಉಳಿಯುವ ಜೋಳದ ದಂಟು, ಸಿಪ್ಪೆಗಳನ್ನು ಬೇಯಿಸಿ, ಅದರ ಸಿಹಿ ನೀರನ್ನು ಅವುಗಳ ತೊಟ್ಟಿಗೆ ಹೊಯ್ಯುತ್ತಿದ್ದ. ಸಿಹಿಯನ್ನು ಬೇಕಾದಷ್ಟು ಕೊಟ್ಟು, ಬೆಳೆಯಲು ಬೇಕಾದ ಇನ್ನೊಂದು ಸತ್ವವನ್ನು ತಡೆಹಿಡಿದರೆ ಅವು ತಿಂದದ್ದನ್ನೆಲ್ಲ ಮೈಯೊಳಗೆ ಪ್ಲಾಸ್ಟಿಕ್ ಮಾಡಿ ಕೂಡಿಡುತ್ತವೆ, ಕೂತಲ್ಲೇ ಕೂತು ತಿನ್ನುವ ಗುಮಾಸ್ತನಿಗೆ ಹೊಟ್ಟೆ ಬಂದ ಹಾಗೆ. ಆ ಪ್ಲಾಸ್ಟಿಕ್ಕಿನ ಚೀಲ ಎಸೆದ ಮೇಲೆ ಮಣ್ಣಲ್ಲಿ ಮಣ್ಣಾಗಬೇಕು.

ಅಷ್ಟು ವರ್ಷದಲ್ಲಿ ಚೀಲಕ್ಕೆ ಬೇಕಾದ ಪ್ಲಾಸ್ಟಿಕ್ ಹಾಳೆ ಹರಿಯದೆ ಬಂದದ್ದು ಒಂದೇ ಸಲ. ಅಂಚು ಅಂಟಿಸುವ ಯಂತ್ರ ಕೆಟ್ಟಿದ್ದರಿಂದ ಅದನ್ನು ಮನೆಗೆ ತಂದ. ಹೆಂಡತಿ ಮೇಲೊಂದು ಹಳೇ ಕಾಗದ ಹಾಸಿ, ಉಸಿರು ಬಿಗಿಹಿಡಿದು, ಇಸ್ತ್ರಿಪೆಟ್ಟಿಗೆಯಿಂದ ಅಂಚು ಅಂಟಿಸಿ, ಎರಡು ಹಿಡಿ ಇಟ್ಟು ಚೀಲ ಮಾಡಿದಳು. ತೋಳಿಗೆ ಹಾಕಿಕೊಂಡು ಹೋಗಿ ಪಕ್ಕದ ಮನೆಯ ಅಜ್ಜಿಗೂ ತೋರಿಸಿ ಬಂದಳು. ಅದಾಗಿ ಹದಿನೆಂಟನೇ ದಿನ ಎದೆನೋವು ಅಂದವಳು ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಪರೀಕ್ಷೆಗೆ ಬೇರೆ ಚೀಲ ಇರಲಿಲ್ಲ. ಮಾಮೂಲಿ ಮನೆಯ ಮಣ್ಣಲ್ಲೇ ಹೂಳಬೇಕು, ತೊಂಬತ್ತು ದಿನ ಮುಟ್ಟಬಾರದು ಅನ್ನುವುದು ನಿಯಮ. ಅವಳ ಚೀಲವನ್ನು ಅವನೇ ಕೈಯಾರೆ ಹೂತ. ಅಂದಿನಿಂದ ದಿನಾ ಸಂಜೆ ಕೋಲಿನ ಮುಂದೆ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದ. ಕರಗಲಿ ಅನ್ನುತ್ತಿತ್ತು ಹನ್ನೊಂದು ವರ್ಷದ ದುಡಿಮೆ. ಕರಗದಿರಲಿ ಅನ್ನುತ್ತಿತ್ತು ಇನ್ನೇನೋ ಒಂದು.

ಮೂರಕ್ಕೆ ಸರಿಯಾಗಿ ಅಧ್ಯಕ್ಷರ ಕಾರು ಬಂತು. ಜೊತೆಯಲ್ಲಿ ಪ್ರಯೋಗಾಲಯದ ಮೇಡಂ. ಕರೆಯದೆಯೇ ಬಂದವರು ಪೋಸ್ಟ್‌ಮಾಸ್ಟರರು. ಕೋಲು ಕಿತ್ತದ್ದು ತಾನಾದ್ದರಿಂದ ಜಾಗ ತೋರಿಸುವ ಹಕ್ಕೂ ತನ್ನದೇ ಎಂದು ಅವರ ವಾದ. ದಿನಾ ಕೋಲನ್ನಷ್ಟೇ ನೋಡಿ ನಿಲ್ಲುತ್ತಿದ್ದ ಬಡಿಸಣ್ಣನಿಗೆ ಕೋಲಿಲ್ಲದೆ ಜಾಗ ಗುರುತಾಗಲಿಲ್ಲ. ಅವರು ತೋರಿಸಿದಲ್ಲಿ ಅಗೆದರೆ ಚಮಚ ಸಿಕ್ಕಿತು. ಇನ್ನೊಂದು ಕಡೆ ಒಂಟಿ ಚಪ್ಪಲಿ. ಮೂರನೇ ಗುಂಡಿಯಲ್ಲಿ ಸಿಕ್ಕಿದ ಹಳೇ ಹಾಲಿನ ಪೊಟ್ಟಣವನ್ನು ಅಧ್ಯಕ್ಷರು ಎತ್ತಿ ಹಿಡಿದು, ಇದೇ ಏನು ನಿಮ್ಮ ಸಂಶೋಧನೆ ಎಂದು ಕೇಳಿದರು. ಮೇಡಂ ಆಕಾಶ ನೋಡಿದರು. ಹಿತ್ತಲು ಹಂದಿ ನುಗ್ಗಿದ ಗೆಣಸಿನ ಹೊಲದ ಹಾಗಾಯಿತು. ನಾಲ್ಕನೇ ಗುಂಡಿ ಅಗೆಯುವಷ್ಟರಲ್ಲಿ ಅಧ್ಯಕ್ಷರ ಮಿರಿಮಿರಿ ಬೂಟು ಎರಡನೇ ಗುಂಡಿಯೊಳಗಿತ್ತು, ಬೂಟಿನೊಳಗೆ ಕಾಲೂ ಇತ್ತು. ಪೋಸ್ಟ್‌ಮಾಸ್ಟರರು ಅವರನ್ನು ಮೇಲೆತ್ತಲು ಹೋಗಿ ತಾವೂ ಜಾರಿದರು.

ಗೋಡೆಯಾಚೆಯಿಂದ ಪಕ್ಕದ ಮನೆ ಅಜ್ಜಿ ಮೆಲ್ಲಗೆ, ನಲ್ಲಿಯಿಂದ ಮೂರು ಹೆಜ್ಜೆ ಬಲಕ್ಕೆ ನೋಡು ಮಗಾ ಎಂದಳು.

ಅಲ್ಲಿ ಇತ್ತು. ಬಡಿಸಣ್ಣ ಮಣ್ಣು ಸರಿಸಿದ. ಚೀಲ ಇಡಿಯಾಗಿ ಮೇಲೆ ಬಂತು. ಕೆಸರು ಮೆತ್ತಿತ್ತು, ಅಷ್ಟೇ. ಒಂದು ಹಿಡಿ ಉದ್ದ, ಒಂದು ಹಿಡಿ ಗಿಡ್ಡ. ಅವಳ ಅಳತೆ ಯಾವತ್ತೂ ಹಾಗೇ, ಪರದೆ ಹೊಲಿದರೂ ಒಂದು ಕಡೆ ನೆಲ ಗುಡಿಸುತ್ತಿತ್ತು. ಅವನಿಗೆ ಕೆಲಸ, ಸಮಿತಿ, ಬೀಗ ಯಾವುದೂ ನೆನಪಾಗಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ.

"ತೊಂಬತ್ತು ದಿನ ಆದರೂ ಹಿಡಿ ಕೂಡ ಸಡಿಲ ಆಗಿಲ್ಲವಲ್ಲ" ಎಂದರು ಅಧ್ಯಕ್ಷರು, ಪ್ಯಾಂಟು ಒರೆಸಿಕೊಳ್ಳುತ್ತ.

ಮೇಡಂ ಸೋಲೊಪ್ಪುವವರಲ್ಲ. ಕತ್ತರಿ ತೆಗೆದು, ಒಂದು ತುಂಡು ಕೊಡಿ, ಪರೀಕ್ಷೆ ಮಾಡಿಸಿದರೆ ಯಾಕೆ ಕರಗಲಿಲ್ಲ ಅಂತ ತಿಳಿಯುತ್ತೆ ಎಂದು ಕೇಳಿದರು. ಬಡಿಸಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ಮೇಡಂ. ಇದಕ್ಕೆ ಕತ್ತರಿ ಹಾಕಬೇಡಿ. ನನ್ನ ಕೆಲಸ ಬೇಕಾದರೆ ತಗೊಳ್ಳಿ."

ಅವರು ಅದನ್ನೇ ತೆಗೆದುಕೊಂಡರು. ಅಧ್ಯಕ್ಷರು ಕಾರಿನಲ್ಲಿ ಕೂತೇ ಕಾಗದಕ್ಕೆ ಸಹಿ ಹಾಕಿದರು. ನಾಳೆಯಿಂದ ತೊಟ್ಟಿ ಬಂದ್.

ಬಡಿಸಣ್ಣ ಚೀಲವನ್ನು ಮಗುವನ್ನು ಮೀಯಿಸುವ ಹಾಗೆ ತೊಳೆದು, ಅಡುಗೆಮನೆಯ ಮೊಳೆಗೆ ನೇತುಹಾಕಿದ. ಹನ್ನೊಂದು ವರ್ಷ ನೀರಲ್ಲಿ ಹೋಗಿತ್ತು. ಆದರೂ ಎಷ್ಟೋ ದಿನದ ಮೇಲೆ ಅವನು ತನಗೊಬ್ಬನಿಗೇ ಟೀ ಮಾಡಿಕೊಂಡು ಕೂತು ಪೂರ್ತಿ ಕುಡಿದ.

ಆಗ ಅಜ್ಜಿ ಬಂದಳು. ಹಿಂದೆಯೇ ಅವಳ ಮುದಿ ನಾಯಿ. ಅಜ್ಜಿ ಮೊಳೆಯ ಕಡೆ ನೋಡಿದವಳು ಅಲ್ಲೇ ಬಾಗಿಲಲ್ಲಿ ಕೂತಳು.

"ನಾನೊಂದು ತಪ್ಪು ಮಾಡಿದೀನಿ ಮಗಾ. ಹೋದ ತಿಂಗಳು ಈ ನಾಯಿ ಅಲ್ಲಿ ಕೆದಕಿತ್ತು. ಓಡಿಬಂದು ನೋಡಿದರೆ ಚೀಲ ಇರಲಿಲ್ಲ. ಒದ್ದೆ ಕಾಗದದ ಥರ ನಾಲ್ಕು ಚೂರು, ಮುಟ್ಟಿದರೆ ಪುಡಿ. ನಾಯಿಯೇ ಹರಿದು ಹಾಕ್ತು ಅಂತ ಹೆದರಿದೆ. ನೀನು ದಿನಾ ಬಂದು ನಿಲ್ಲೋದು ನೋಡ್ತಿದ್ದೆನಲ್ಲ."

ಬಟ್ಟೆ ಅಂಗಡಿಯ ಬಿಳಿ ಚೀಲವೊಂದು ಅವಳ ಮನೆಯಲ್ಲಿತ್ತಂತೆ. ಅವನ ಹೆಂಡತಿ ತೋರಿಸಿದ್ದು ಕಣ್ಣಲ್ಲೇ ಇತ್ತಂತೆ. ಅದನ್ನು ಕತ್ತರಿಸಿ, ಇಸ್ತ್ರಿ ಮಾಡಿ, ಒಂದು ಹಿಡಿ ಉದ್ದ, ಒಂದು ಗಿಡ್ಡ ಮಾಡಿ ಹೂತಿಟ್ಟಳಂತೆ. ನೀನು ತೆಗೆದಾಗ ಸಿಗಲಿ ಅಂತ, ಎಂದಳು.

ನಾಯಿ ಹರಿದದ್ದಲ್ಲ. ಎರಡೇ ತಿಂಗಳಲ್ಲಿ ಕರಗಿತ್ತು. ಅವನ ತೊಟ್ಟಿ ಗೆದ್ದಿತ್ತು.

ಮೇಡಂಗೆ ಫೋನ್ ಮಾಡಿದ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ದಣಿದ ದನಿಯಲ್ಲಿ, ಆಗಲೇ ಎಲ್ಲರೆದುರು ಒಂದು ತುಂಡು ಕೊಟ್ಟಿದ್ದರೆ ಇದು ನಮ್ಮ ಚೀಲ ಅಲ್ಲ ಅಂತ ಪರೀಕ್ಷೆಯಲ್ಲಿ ಬಯಲಾಗುತ್ತಿತ್ತು ಎಂದರು. ಈಗ ಕಳಿಸಿದರೆ, ಅಂಗಡಿ ಚೀಲ ಹೂತು ಸಮಿತಿಗೆ ಮೋಸ ಮಾಡಿದರು ಅಂತಲೇ ಬರೆಯುತ್ತಾರೆ. ಆ ಚೂರುಗಳಾದರೂ ಇವೆಯಾ ಎಂದು ಕೇಳಿದರು. ಬಡಿಸಣ್ಣ ಅಜ್ಜಿಯನ್ನು ಕೇಳಿದ. ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. ಮಣ್ಣಲ್ಲಿ ಬೆರೆತುಹೋಗಿದ್ದವು.

ಫೋನ್ ಇಟ್ಟ. ಅಜ್ಜಿ ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದು, ಮೊಳೆಯ ಕಡೆ ಕೈ ಚಾಚಿದಳು. ಇದನ್ನು ತಗೊಂಡು ಹೋಗಿ ಎಸೆದುಬಿಡ್ತೀನಿ ಎಂದಳು. ಬಡಿಸಣ್ಣ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಟೀಗೆ ಮತ್ತೆ ನೀರಿಟ್ಟ. ಒಲೆಯ ಕಡೆ ತಿರುಗಿಕೊಂಡೇ ಹೇಳಿದ:

"ಇರಲಿ ಬಿಡಜ್ಜಿ. ಎಸೆದರೆ ತಾನೆ ಎಲ್ಲಿಗೆ ಹೋಗುತ್ತೆ ಅದು?"