ಬೆನ್ನು ತೋರಿಸಿ ಹಾಡಿದವನು

ಇದನ್ನು ಹೇಳಬೇಕು ಅಂದುಕೊಂಡೇ ಅರ್ಧ ಆಯುಷ್ಯ ತಳ್ಳಿದ್ದೇನೆ. ಮೊದಲು ಮದುವೆಯಾಗಲಿ ಅಂದೆ, ಆಮೇಲೆ ಮಕ್ಕಳು ದೊಡ್ಡವರಾಗಲಿ ಅಂದೆ, ಕೊನೆಗೆ ಹಲ್ಲು ಕಟ್ಟಿಸಿಕೊಂಡು ಸ್ಪಷ್ಟವಾಗಿ ಹೇಳೋಣ ಅಂದೆ. ಹಲ್ಲೂ ಬಂತು. ಇನ್ನು ನೆಪ ಉಳಿದಿಲ್ಲ. ಹಿರಿಯೂರು ಸೀಮೆಯಲ್ಲಿ ಮೊಟ್ಟಮೊದಲು ರಾಕ್ ಸಂಗೀತ ಹಾಡಿದ ಮನುಷ್ಯನಿಗೆ ರಾಕ್ ಅಂದರೇನು ಎಂಬುದೇ ಗೊತ್ತಿರಲಿಲ್ಲ! ಆತನ ಹೆಸರೇ? ಆಮೇಲೆ ಹೇಳುತ್ತೇನೆ. ಅವಸರವೇನು?

ನಾವು ಮೂವರಿದ್ದೆವು. ಎಸ್ಸೆಸ್ಸೆಲ್ಸಿಯನ್ನು ದಂಡಯಾತ್ರೆಯಂತೆ ಮತ್ತೆ ಮತ್ತೆ ಕೈಗೊಂಡು ಗೆದ್ದ ನಾನು, ಬೆಲ್ ಬಾಟಂ ಹೊಲಿಸಿಕೊಂಡು ಗಿಟಾರ್ ಹಿಡಿದಿದ್ದೆ. ಅದಕ್ಕೆ ಒಂದು ತಂತಿ ಕಡಿಮೆ ಇತ್ತು. ಇದ್ದಿದ್ದರೂ ನನ್ನಿಂದ ಅದಕ್ಕೆ ಕೆಲಸವೇನೂ ಸಿಗುತ್ತಿರಲಿಲ್ಲ. ಎರಡನೆಯವನು ತೆಂಗಿನಕಾಯಿ ಮಂಡಿಯವರ ಮಗ ಶಿವಮೂರ್ತಿ. ಮಠದ ಭಜನೆಯಲ್ಲಿ ಬೆರಳು ಪಳಗಿದ ಹಾರ್ಮೋನಿಯಂ ಅವನದು. ನಮ್ಮ ಬೋರ್ಡಿನ ಮೇಲೆ ‘ವೇದಾವತಿ ರಾಕ್ ಅಂಡ್ ಸೋಲ್ ಟ್ರಯೋ’ ಎಂದು ಬರೆಸಿದಾಗ ಅವರಪ್ಪ ಸಿಡಿಮಿಡಿಗೊಂಡಿದ್ದರು. ಶಿವಮೂರ್ತಿ ಹೋಗಿ, ಸೋಲ್ ಅಂದರೆ ಆತ್ಮ ಎಂದು ವಿವರಿಸಿದ. ಅವರು ಕೈಮುಗಿದು ಹಾರ್ಮೋನಿಯಂಗೆ ಹೊಸ ಗವುಸು ಹೊಲಿಸಿಕೊಟ್ಟರು!

ಮೂರನೆಯವನೇ ನಮ್ಮ ಮಹಾಶಯ. ಕುರಿ ಕಾಯುವವನು. ಸುಗ್ಗಿ ಮುಗಿದ ಮೇಲೆ ಅವನ ಮಂದೆ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಬೀಡುಬಿಡುತ್ತಿತ್ತು. ಸಂಜೆ ಚದುರಿದ ಕುರಿಗಳನ್ನು ಕರೆಯಲು ಅವನೊಂದು ಕೂಗು ಹಾಕುತ್ತಿದ್ದ. ಹೊಟ್ಟೆಯ ಆಳದಿಂದ ಎದ್ದು, ನೆತ್ತಿಯ ಮೇಲೆ ಹಾದು, ದಿಬ್ಬದಾಚೆ ಹೋಗಿ ಮರಿಗಳ ಕಿವಿ ಹಿಂಡಿ ಕರೆತರುವ ಕೂಗು. ರೇಡಿಯೋದ ವಿದೇಶಿ ಸ್ಟೇಷನ್ನಿನಲ್ಲಿ ಕರಿಯ ಗಾಯಕರು ಎದೆ ಸೀಳಿಕೊಂಡು ಹಾಡುತ್ತಿದ್ದರಲ್ಲ, ಅದೇ ಇದು ಅನ್ನಿಸಿ ನನಗೆ ಮೈ ಜುಮ್ಮೆಂದಿತು. ಅಂದೇ ಅವನನ್ನು ಡೊಳ್ಳಿನ ಸಮೇತ ಟ್ರಯೋಗೆ ಸೇರಿಸಿಕೊಂಡೆ.

ಅವನ ಶಿಸ್ತು ಅವನದೇ. ಎಂಥ ಬಿಸಿಲಿಗೂ ಹೆಗಲ ಕಂಬಳಿ ಇಳಿಯುತ್ತಿರಲಿಲ್ಲ. ಡೊಳ್ಳನ್ನು ಬೆಂಕಿಗೆ ಕಾಯಿಸದೆ ಬಾರಿಸುತ್ತಿರಲಿಲ್ಲ. ಹೊಸದುರ್ಗದಲ್ಲಿ ವೇದಿಕೆಯ ಹಿಂದೆ ಅವನು ಹೊತ್ತಿಸಿದ ಬೆಂಕಿಯ ಹೊಗೆ ಕಂಡು ಜನ ಶಾಮಿಯಾನ ಹತ್ತಿಕೊಂಡಿತೆಂದು ಎದ್ದು ಓಡಿದರು. ಅಲ್ಲಿಯವರೆಗೆ ಅವರನ್ನು ಎಬ್ಬಿಸುವ ಶಕ್ತಿ ನನ್ನ ಗಿಟಾರಿಗೆ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಎಲ್ಲಕ್ಕಿಂತ ವಿಚಿತ್ರವೆಂದರೆ, ಕೂಗು ಹಾಕುವಾಗ ಜನರಿಗೆ ಬೆನ್ನು ತಿರುಗಿಸಿ ಬಯಲಿನ ಕಡೆ ನಿಲ್ಲುತ್ತಿದ್ದ. ಈ ಕಡೆ ತಿರುಗು ಮಾರಾಯ, ಜನ ಇರೋದು ಇಲ್ಲಿ ಅಂತ ಬೈದೆ.

“ಜನ ಎಲ್ಲಿಗೂ ಹೋಗಲ್ರಿ ಗೌಡ್ರೆ. ಕುರಿ ಹೋಗ್ತಾವೆ” ಅಂದ.

ಹೋಗುವುದಿರಲಿ, ಬಂದದ್ದನ್ನು ಕೇಳಿ! ಮಾಡದಕೆರೆಯಲ್ಲಿ ಒಂದು ಆರತಕ್ಷತೆ. ಪಕ್ಕದ ಹೊಲದಲ್ಲಿ ಯಾರದೋ ಮಂದೆ ತಂಗಿರುವುದು ನಮಗೆ ಗೊತ್ತಿಲ್ಲ. ಇವನು ಬಯಲಿಗೆ ಮುಖ ಮಾಡಿ ಆತ್ಮ ಬಿಚ್ಚಿದ. ಇಡೀ ಮಂದೆ ತಡಿಕೆ ಮುರಿದುಕೊಂಡು ಚಪ್ಪರಕ್ಕೆ ನುಗ್ಗಿತು. ಬಾಳೆಕಂದು, ಮಾವಿನ ತೋರಣ, ಮದುಮಗನ ಹಾರ, ಎಲ್ಲ ಸ್ವಾಹಾ! ಹೆಣ್ಣಿನ ತಂದೆ ಒಂದು ಟಗರಿಗೆ ದಾರಿ ಬಿಟ್ಟುಕೊಟ್ಟು ಬೀಗರನ್ನು ಕೇಳಿದರು: “ನಿಮ್ಮ ಕಡೇರು ಇನ್ನೂ ಯಾರಾದ್ರೂ ಬರೋದೈತೇನ್ರಿ?”

ಇಂಥವನು ನಮ್ಮಿಂದ ಬಯಸಿದ್ದು ಒಂದೇ. ಪ್ರತಿ ಕಾರ್ಯಕ್ರಮದ ಕೊನೆಗೆ ನಾನು ಮೈಕಿನಲ್ಲಿ ಕಲಾವಿದರ ಪರಿಚಯ ಮಾಡುತ್ತಿದ್ದೆ. ಗಿಟಾರ್ ಮತ್ತು ಹಾಡುಗಾರಿಕೆ ಅಂತ ನನ್ನ ಹೆಸರು, ಇನಿಷಿಯಲ್ ಸಮೇತ. ಹಾರ್ಮೋನಿಯಂ, ಶಿವಮೂರ್ತಿ. ಡೊಳ್ಳು, ನಮ್ಮ ಹುಡುಗ. ಆ ಹುಡುಗ ನನಗಿಂತ ದೊಡ್ಡವನು! ಒಂದು ದಿನ ಕಂಬಳಿ ಕೊಡವುತ್ತಾ ಕೇಳಿದ:

“ಮೈಕಿನಾಗೆ ನನ್ ಹೆಸ್ರೂ ಒಂದ್ಸಲ ಹೇಳ್ರಿ ಗೌಡ್ರೆ. ನಮ್ಮವ್ವ ಕೇಳ್ಬೇಕಂತೆ.”

ಆಮೇಲೆ ಹೇಳ್ತೀನಿ, ಅವಸರವೇನು ಅಂದೆ. ಪ್ರತಿ ಸಲವೂ ಅದನ್ನೇ ಅಂದೆ.

ಚಿತ್ರದುರ್ಗದ ಕಾರ್ಯಕ್ರಮಕ್ಕೆ ಅವನು ತಾಯಿಯನ್ನೇ ಕರೆತಂದಿದ್ದ. ಆಕೆ ಮುಂದಿನ ಸಾಲಿನಲ್ಲಿ, ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತಿದ್ದರು. ಅವನು ಬೆನ್ನು ತಿರುಗಿಸಿ ಕೂಗಿದ. ಕೋಟೆಯ ಬಂಡೆಗಳು ಅದನ್ನು ಇನ್ನೊಮ್ಮೆ ಹಾಡಿದವು. ಮೈಕಿನ ಮುಂದೆ ಬಾಯಿ ತೆರೆದು ನಿಂತಿದ್ದವನು ನಾನು, ಹಾಗಾಗಿ ಚಪ್ಪಾಳೆಯೆಲ್ಲ ನನ್ನ ಕಡೆಗೇ ಬಂತು. ಪರಿಚಯದ ಹೊತ್ತಿಗೆ ನಾಲಿಗೆ ಅಭ್ಯಾಸ ಬಿಡಲಿಲ್ಲ. ಡೊಳ್ಳು, ನಮ್ಮ ಹುಡುಗ.

ಅಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನಿಂದ ಬಂದಿದ್ದ ರೆಕಾರ್ಡು ಕಂಪನಿಯ ಯಜಮಾನರು ವೇದಿಕೆ ಹತ್ತಿ, ಆ ಕೂಗು ಯಾರದು ಅಂತ ಕೇಳಿದರು. ನಂದೇ ಸಾರ್ ಅಂದೆ. ಎಲ್ಲಿ ಕಲಿತಿರಿ? ವಿದೇಶಿ ರೆಕಾರ್ಡು ಕೇಳಿ ಸಾರ್! ಶಿವಮೂರ್ತಿ ಹಾರ್ಮೋನಿಯಂನಲ್ಲಿ ಏನೋ ಹುಡುಕತೊಡಗಿದ. ಹಾಗಾದರೆ ಇನ್ನೊಮ್ಮೆ ಹಾಕಿ ಅಂದರು ಯಜಮಾನರು. ನಾನು ಗಿಟಾರಿನಲ್ಲಿ ಇಲ್ಲದ ತಂತಿಯ ಬಿರಡೆ ತಿರುಗಿಸತೊಡಗಿದೆ. ಪಕ್ಕದಲ್ಲಿ ಅವನು, ಕೆಳಗೆ ಮುಂದಿನ ಸಾಲಿನಲ್ಲಿ ಅವನ ತಾಯಿ.

“ಗೌಡ್ರ ಗಂಟ್ಲು ಕಟ್ಟೈತ್ರಿ ಸಾರ್” ಅಂದ ಅವನು. “ಬೆಳಿಗ್ಗಿಂದ ಕೂಗ್ಯಾರೆ. ಪಾಪ, ಬಿಡ್ರಿ.”

ಆಮೇಲೆ ತಾಯಿಯ ಕೈಹಿಡಿದು, ಡೊಳ್ಳು ಹೆಗಲಿಗೇರಿಸಿ ಬಸ್ಸಿಗೆ ಹೋದ. ಗಂಟಲು ಸರಿಹೋದಾಗ ಬನ್ನಿ ಎಂದ ಯಜಮಾನರ ಬಳಿಗೆ ನಾನು ಹೋಗಲಿಲ್ಲ. ಹೋಗಿ ಏನು ಮಾಡಲಿ? ಟ್ರಯೋದ ಬೋರ್ಡು ದನದ ಕೊಟ್ಟಿಗೆಗೆ ಬಾಗಿಲಾಯಿತು. ಮರುವರ್ಷದಿಂದ ಅವನ ಮಂದೆ ನಮ್ಮ ಹೊಲ ದಾಟಿ ಆಚೆ ಹೊಲದಲ್ಲಿ ಬೀಡುಬಿಟ್ಟಿತು. ದಾರಿಯಲ್ಲಿ ಸಿಕ್ಕಾಗ ಅವನೇ ನಗುತ್ತಿದ್ದ. ನಾನು ವಾಚು ನೋಡಿಕೊಳ್ಳುತ್ತಿದ್ದೆ. ಒಂದು ವರ್ಷ ಮಂದೆಯ ಜೊತೆ ಅವನ ಮಗ ಮಾತ್ರ ಬಂದ, ತಲೆ ಬೋಳಿಸಿಕೊಂಡು.

ಮೊನ್ನೆ ಸಂಜೆ ಆ ಹೊಲದಿಂದ ಅದೇ ಕೂಗು ಕೇಳಿಸಿತು. ಮಗನದೋ ಮೊಮ್ಮಗನದೋ. ಮಂಡಿನೋವಿನವನು ನಾನು, ಕುರಿಯ ಹಾಗೆ ಎದ್ದು ನಿಂತುಬಿಟ್ಟಿದ್ದೆ.

ಈಗ ಮೈಕಿಲ್ಲ. ಮುಂದಿನ ಸಾಲಿನಲ್ಲಿ ಆ ತಾಯಿಯೂ ಇಲ್ಲ. ಆದರೂ ಪರಿಚಯ ಬಾಕಿ ಇದೆ. ಗಿಟಾರ್, ಇದನ್ನು ಬರೆಯುತ್ತಿರುವವನು, ಹೆಸರು ಬೇಡ. ಹಾರ್ಮೋನಿಯಂ, ಶಿವಮೂರ್ತಿ. ಡೊಳ್ಳು, ಹಾಡುಗಾರಿಕೆ ಮತ್ತು ಆ ಕೂಗು, ಬೀರಲಿಂಗಪ್ಪ.