ಜೇನುಮೇಣದ ಗಿಟಾರು

೧೯೮೨ನೆಯ ಇಸವಿ, ಆಗಸ್ಟ್ ೨೨, ಭಾನುವಾರ, ಗಣೇಶ ಚತುರ್ಥಿ. ಆಧಾರ: ದುಂದುಭಿ ಸಂವತ್ಸರದ ಪಂಚಾಂಗ. ನಿವೃತ್ತ ಸಂಶೋಧಕನಾದ ನನಗೆ ತಾರೀಖನ್ನು ತಾಳೆ ನೋಡದೆ ತುತ್ತು ಇಳಿಯುವುದಿಲ್ಲವೆಂದು ಹೆಂಡತಿ ಶಾರದೆಯ ದೂರು. ದೂರಿನಲ್ಲಿ ಹುರುಳಿದೆ. ಮದುವೆಯ ದಿನ ಪುರೋಹಿತರು ಸಂಕಲ್ಪದಲ್ಲಿ ತಿಥಿ ತಪ್ಪಿದಾಗ ಹಸೆಮಣೆಯ ಮೇಲಿಂದಲೇ ತಿದ್ದಿದವನು ನಾನು. ಆದರೆ ಮೇಲಿನ ದಿನಾಂಕ ನನ್ನ ಪಾಲಿಗೆ ಬೇರೆಯೇ ಬಗೆಯದು. ಅಂದು ಸಂಜೆ ಜಯನಗರದ ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ನಾನು ದುರಸ್ತಿ ಮಾಡಿದ ಎಲೆಕ್ಟ್ರಿಕ್ ಗಿಟಾರು ನುಡಿಯಿತು.

ಗಿಟಾರು ನನ್ನ ಭಾವಮೈದುನ ರಘುವಿನದು. ದಂಡು ಪ್ರದೇಶದ ಹೋಟೆಲೊಂದರ ವಾದ್ಯಗಾರರಿಂದ ಅವನು ತಂದಿದ್ದ ಆ ಗಿಟಾರು ವಯಸ್ಸಿನಲ್ಲಿ ಅವನಿಗಿಂತ ಹಿರಿಯದು. ಅದು ತಯಾರಾದ ವರ್ಷವನ್ನು ನಿರ್ಣಯಿಸುವುದರಲ್ಲಿ ನಾನು ಮಗ್ನನಾಗಿದ್ದಾಗ, ಅದು ನುಡಿಯುವುದೇ ಇಲ್ಲವೆಂಬ ಗೌಣ ಸಂಗತಿಯನ್ನು ಅವನು ಗಮನಕ್ಕೆ ತಂದ.

"ಭಾವ, ವರ್ಷ ಆಮೇಲೆ ಹುಡುಕಿ. ಹಬ್ಬದ ದಿನ ಇದು ನುಡೀಲಿಲ್ಲ ಅಂದ್ರೆ ಆರ್ಕೆಸ್ಟ್ರಾದಲ್ಲಿ ನನ್ನ ಜಾಗಕ್ಕೆ ಬನಶಂಕರಿಯ ಮ್ಯಾಂಡೊಲಿನ್ ಹುಡುಗ ಬರ್ತಾನೆ. 'ನೀನು ಕೆಳಗೆ ಕೂತು ಚಪ್ಪಾಳೆ ತಟ್ಟು ಮಗಾ' ಅಂದ್ಬಿಟ್ಟಿದಾನೆ ನಮ್ ಲೀಡರು!"

ಒಳಗೆ ತಂತಿಯೊಂದು ಕಳಚಿತ್ತು. ಬೆಸುಗೆ ಹಾಕಿ, ದನಿ ದೊಡ್ಡದಾಗಲೆಂದು ನಮ್ಮ ವಾಲ್ವ್ ರೇಡಿಯೋಗೆ ಸಿಕ್ಕಿಸಿದೆ. ಗಿಟಾರು ಹೂಂಕರಿಸಿತು, ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ನಾವು ಕುಣಿದಾಡಿದೆವು. ಅಷ್ಟರಲ್ಲಿ ಗಿಟಾರಿನ ಕುತ್ತಿಗೆಯ ಮೇಲಿನ ಮೆಟ್ಟುಗಳು, ಅಂದರೆ ಸ್ವರಸ್ವರಕ್ಕೆ ಗಡಿ ಹಾಕುವ ಲೋಹದ ಅಡ್ಡಪಟ್ಟಿಗಳು, ಹಳೆಯ ಹಲ್ಲುಗಳಂತೆ ಅಲುಗಾಡಿ ಉದುರತೊಡಗಿದವು. ರಘುವಿನ ಮುಖ ಬಾಡಿತು.

ಹಬ್ಬಕ್ಕೆಂದು ಇಲ್ಲೇ ಶ್ರೀನಗರ ಬಡಾವಣೆಯಿಂದ ಬಂದಿದ್ದ ಅತ್ತೆಯವರು ವೀಣೆ ಕಲಿಸುವವರು. ಕನ್ನಡಕ ಏರಿಸಿ ನೋಡಿದರು.

"ಇಷ್ಟೇನಾ? ಮೇಣದಲ್ಲಿ ಮೆಟ್ಟು ಕೂರಿಸಿ ಮೇಳ ಕಟ್ಟಿದ್ರಾಯ್ತು ಅಳಿಯಂದ್ರೇ. ವೀಣೆಗೆ ನಾವು ಮಾಡಲ್ವೆ?"

"ಅಮ್ಮಾ, ಇದು ವೀಣೆ ಅಲ್ಲ!"

"ಗೊತ್ತು ಕಣೋ. ವೀಣೆ ಆಗಿದ್ರೆ ಹೀಗೆ ಅರಚ್ತಿತ್ತೇ?"

ಶಾಸ್ತ್ರಪ್ರಮಾಣ ಸಿಕ್ಕಿದ ಮೇಲೆ ನಾನು ಹಿಂಜರಿಯುವವನಲ್ಲ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಅಡುಗೆಮನೆಯಲ್ಲಿ ಕಾಯಿಸಿದೆವು. ನಾನು ಮೆಟ್ಟುಗಳನ್ನು ಕೂರಿಸಿದೆ. ಅತ್ತೆಯವರು ತಂತಿ ಮೀಟಿ, "ಗಾಂಧಾರ ಇನ್ನೊಂದ್ಚೂರು ಮೇಲೆ" ಎನ್ನುತ್ತ ಕಿವಿಯಳತೆಯಲ್ಲಿ ಸರಿಸಿದರು. ಗಿಟಾರು ಶ್ರುತಿಶುದ್ಧವಾಯಿತು. ಮನೆಯಲ್ಲಿ ಮಾತ್ರ.

ಪೆಂಡಾಲಿನಲ್ಲಿ ರಘುವಿನ ನೆತ್ತಿಯ ಮೇಲೆಯೇ ದೊಡ್ಡ ದೀಪಗಳು. ಎರಡನೆಯ ಹಾಡಿನ ಹೊತ್ತಿಗೆ ಮೇಣ ಕರಗಿ, ಮೆಟ್ಟುಗಳು ಮೆಲ್ಲಗೆ ಜಾರಲಾರಂಭಿಸಿದವು. ಸ್ವರ ಇದ್ದಲ್ಲಿ ಇರಲೊಲ್ಲದು. ರಘು ಬೆವರಿದ; ಲೀಡರು ಹುಬ್ಬು ಗಂಟಿಕ್ಕಿದ. ಗತಿಯಿಲ್ಲದೆ ರಘು ಚಿಕ್ಕಂದಿನಲ್ಲಿ ತಾಯಿ ವೀಣೆಯ ಮೇಲೆ ಬೈದು ಕಲಿಸಿದ್ದಂತೆ ತಂತಿಯನ್ನು ಎಳೆದೆಳೆದು, ಓಡಿಹೋಗುತ್ತಿದ್ದ ಸ್ವರವನ್ನು ಹಿಡಿದು ತರತೊಡಗಿದ. ಸಿನಿಮಾದ ಕ್ಲಬ್ ಕುಣಿತದ ಹಾಡಿಗೆ ಗಮಕ ಮೂಡಿತು. ಗಿಟಾರು ತೋಡಿ ರಾಗದ ನೆರಳಿನಲ್ಲಿ ನಕ್ಕಿತು, ಅತ್ತಿತು. ಅತ್ತೆಯವರು ತೊಡೆಯ ಮೇಲೆ ತಾಳ ಹಾಕುತ್ತ, "ಈಗ ನೋಡಿ, ಸಂಗೀತ ಆಯ್ತು!" ಎಂದರು. ಲೀಡರ ಹುಬ್ಬು ಸಡಿಲಿತು. ಇಡೀ ಮೈದಾನ ಎದ್ದು ನಿಂತು "ಒನ್ಸ್ ಮೋರ್" ಎಂದು ಕೂಗಿತು. ರಘುವಿನ ಜಾಗ ಉಳಿಯಿತು.

ಇದನ್ನು ಹೀಗೆಯೇ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆದರೆ ಕಳೆದ ತಿಂಗಳು ರಘು ಒಂದು ಹಳೆಯ ಕ್ಯಾಸೆಟ್ ತಂದ. ಆ ಸಂಜೆ ಅತ್ತೆಯವರು ಕೈಚೀಲದಲ್ಲಿ ಟೇಪ್ ರೆಕಾರ್ಡರ್ ಚಾಲೂ ಮಾಡಿ ಇಟ್ಟುಕೊಂಡಿದ್ದರಂತೆ. ಗಿಟಾರು ನಿಜಕ್ಕೂ ಸೊಗಸಾಗಿದೆ. ಆಮೇಲೆ ಒಳ್ಳೆಯ ಚಪ್ಪಾಳೆಯೂ ಇದೆ. "ಒನ್ಸ್ ಮೋರ್" ಎನ್ನುವ ಕಂಠ ಮಾತ್ರ ಒಂದೇ, ಅದು ನನ್ನದು. ಅದರ ಹಿಂದೆಯೇ ಅತ್ತೆಯವರ ಪಿಸುಮಾತು: "ಅಳಿಯಂದ್ರೇ, ಕೂತ್ಕೊಳ್ಳಿ, ಜನ ನೋಡ್ತಿದಾರೆ."

ಆ ಯಂತ್ರಕ್ಕೆ ದೂರದ ಧ್ವನಿ ನಿಲುಕುತ್ತಿರಲಿಲ್ಲವೆಂದು ನಾನು ವಾದಿಸಿದೆ.

"ಆಚೆ ರಸ್ತೆ ನಾಯಿ ಬೊಗಳೋದು ಸ್ಪಷ್ಟವಾಗಿ ಕೇಳ್ತಿದೆಯಲ್ರೀ," ಎಂದಳು ಶಾರದೆ.

ದಾಖಲೆಗೆ ತಲೆಬಾಗಲೇಬೇಕು. ಸದ್ಯಕ್ಕೆ "ಒನ್ಸ್ ಮೋರ್" ಎಂದವರ ಲೆಕ್ಕದಲ್ಲಿ ಆ ನಾಯಿಯನ್ನೂ ನನ್ನ ಪಕ್ಷಕ್ಕೆ ಸೇರಿಸಿಕೊಂಡಿದ್ದೇನೆ.