ಪ್ರೂಫಮ್ಮನ ಪೊರಕೆ

ಟೇಬಲ್ಲಿನ ಕೆಳಗೆ ಅರ್ಧ ಗುಡಿಸಿಯಾಗಿತ್ತು. ಮೂಲೆಯ ಕಸವನ್ನು ಎಳೆಯಲು ಪ್ರೂಫಮ್ಮ ಪೊರಕೆಯನ್ನು ಇನ್ನಷ್ಟು ಒಳಗೆ ತೂರಿಸಿದಳು, ಅಷ್ಟೆ. ‘ಟಿಕ್’ ಎಂದಿತು.

ಗಂಡ ಗೋಡೆಗೆ ಕೂರಿಸಿದ್ದ ಇಂಟರ್ನೆಟ್ ಪೆಟ್ಟಿಗೆಯಿಂದ ನೀಲಿ ತಂತಿಯೊಂದು ಜಾರಿ ನೆಲ ಸೇರಿತ್ತು. ಅದರ ತುದಿಯ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪು ಕತ್ತರಿಸಿದ ಉಗುರಿನ ಹಾಗೆ ಕಸದ ನಡುವೆ ಬಿದ್ದಿತ್ತು. ತಂತಿಯನ್ನು ಇದ್ದ ತೂತಿಗೇ ತುರುಕಿದಳು. ಕ್ಲಿಪ್ಪನ್ನು ಅಡುಗೆಮನೆಯ ಬುಟ್ಟಿಯಲ್ಲಿ ಚಹಾ ಚರಟದ ಕೆಳಗೆ ಹೂತು, ಏನೂ ಆಗದವಳಂತೆ ಕೈ ತೊಳೆದುಕೊಂಡಳು.

ಗಂಡನಿಗೆ ಕನ್ನಡಕದ ಅಂಗಡಿ. ರಜೆ ಬಂತೆಂದರೆ ತಂತಿಯ ಹುಚ್ಚು. ಮನೆಯ ಗೋಡೆಗಳು ದಪ್ಪ, ಗಾಳಿಯಲ್ಲಿ ಬರುವ ನೆಟ್‌ವರ್ಕ್ ಬಾಗಿಲು ದಾಟುವಷ್ಟರಲ್ಲೇ ಸುಸ್ತಾಗುತ್ತದೆ ಎಂದು ನಡುಮನೆ, ಮಗಳ ಕೋಣೆ, ಅಡುಗೆಮನೆಯ ಹಿಂದಿನ ಹೆಂಡತಿಯ ಕೋಣೆ, ಮೂರು ಕಡೆಯ ಕಂಪ್ಯೂಟರುಗಳನ್ನೂ ತಂತಿ ಎಳೆದು ಒಂದು ಮಾಡಿದ್ದ. ನಿನ್ನೆ ಸಂಜೆಯಷ್ಟೇ ಎಲ್ಲವನ್ನೂ ಒಪ್ಪವಾಗಿ ಕಟ್ಟಿ, “ನೋಡೇ, ಒಂದು ತುದೀನಾದ್ರೂ ನೇತಾಡ್ತಿದೆಯಾ? ಎಲ್ಲಕ್ಕೂ ಒಂದೊಂದು ತೂತು ತೋರಿಸಿದ್ದೀನಿ” ಎಂದು ಬೀಗಿದ್ದ. ಆಮೇಲೆ ಯಾರೂ ಕಂಪ್ಯೂಟರು ಮುಟ್ಟಿರಲಿಲ್ಲ.

ಅವಳು ಮುದ್ರಣಾಲಯವೊಂದಕ್ಕೆ ಕರಡು ತಿದ್ದುತ್ತಿದ್ದಳು. ಅಲ್ಲಿನವರು ಇಟ್ಟ ‘ಪ್ರೂಫಮ್ಮ’ ಎಂಬ ಹೆಸರು ಅವಳ ಹಿಂದೆಯೇ ಮನೆಗೂ ಬಂದಿತ್ತು. ಇಷ್ಟು ವರ್ಷ ಬಿಡಿ ಹಾಳೆ, ಜಾಹೀರಾತು ಎಂದು ತಿದ್ದಿದವಳಿಗೆ ಮೊದಲ ಸಲ ಇಡೀ ಪುಸ್ತಕ ಸಿಕ್ಕಿತ್ತು. ಸಂಜೆ ನಾಲ್ಕರೊಳಗೆ ಕಳಿಸದಿದ್ದರೆ ಮುಂದಿನ ಪುಸ್ತಕ ಬೇರೆಯವರ ಪಾಲು. ತಿದ್ದಿದ ಪುಟಗಳಿದ್ದದ್ದು ನಡುಮನೆಯ ಕಂಪ್ಯೂಟರಿನಲ್ಲಿ. ಎಲ್ಲವೂ ಒಂದೇ ಕಡೆ ಇದ್ದರೆ ಭದ್ರ ಎಂಬುದು ಗಂಡನ ಕಟ್ಟಳೆ.

ತನ್ನ ಕೋಣೆಗೆ ಹೋಗಿ ಕೂತಳು. ಪುಟ ತೆರೆಯಲಿಲ್ಲ.

“ರೀ, ನಂದು ಯಾಕೋ...”

“ನಂದೂ ಇಲ್ಲ ಕಣೇ!” ಗಂಡ ನಡುಮನೆಯಿಂದ ಕೂಗಿದ. “ಮಗಳ ಕೋಣೇದೂ ಸತ್ತಿದೆ!”

ಒಂದು ಹಲ್ಲು ಕೆಟ್ಟರೆ ತಲೆಯೆಲ್ಲ ಸಿಡಿಯುವುದಿಲ್ಲವೇ, ಹಾಗೆಯೇ ಇದೂ ಇರಬೇಕು ಎಂದುಕೊಂಡಳು. ನಡುಮನೆಗೆ ಬಂದು ನೋಡಿದರೆ ಪೆಟ್ಟಿಗೆಯ ದೀಪಗಳೆಲ್ಲ ಕಣ್ಣಿಗೆ ಧೂಳು ಬಿದ್ದವರಂತೆ ಒಂದೇ ಸಮ ಪಿಳಪಿಳ ಎನ್ನುತ್ತಿದ್ದವು. ಹೇಳಿಬಿಡಲೇ? ಹೇಳಿದರೆ ವರ್ಷವಿಡೀ ಮನೆಗೆ ಬಂದವರಿಗೆಲ್ಲ ಅದೇ ಕತೆ. ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಗಂಡ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ನೆಲಕ್ಕಿಟ್ಟಿದ್ದ.

“ಅಯ್ಯೋ, ಮೊದಲು ನನ್ನ ಪುಟಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಡಿ!”

“ಓಡಿ ಹೋಗ್ತವಾ ನಿನ್ನ ಪುಟ? ಮೂಲ ರೋಗ ಹುಡುಕಬೇಕು.”

ರೋಗದ ಸುದ್ದಿ ಮಹಡಿಗೂ ಹತ್ತಿತು. ಮೇಲಿನ ಮನೆಯ ಮಾಮ ಇಳಿದು ಬಂದರು. ಟೆಲಿಫೋನಿನ ಲೈನ್‌ಮನ್ ಆಗಿ ನಿವೃತ್ತರಾದವರು. ಕುರ್ಚಿ ಎಳೆದು ಪೆಟ್ಟಿಗೆಯ ಮುಂದೆಯೇ ಹಾಕಿಕೊಂಡು ಕೂತು ಮೂಸಿದರು.

“ತೇವ.”

“ಮಾಮ, ಗೋಡೆ ಒಣಗಿದೆಯಲ್ಲ?”

“ಕಣ್ಣಿಗೆ ಕಾಣೋದಾದ್ರೆ ನಾನ್ಯಾಕಪ್ಪಾ ಬೇಕು? ನನ್ನ ಸರ್ವೀಸಿನಲ್ಲಿ ತೇವ ಬಿಟ್ರೆ ಇನ್ನೊಂದು ಕಾರಣ ನೋಡಿಲ್ಲ. ತಾಯೀ, ಕೂದಲು ಒಣಗಿಸೋ ಮಿಷನ್ ಇದೆಯಾ?”

ಮಾಮ ಪೆಟ್ಟಿಗೆಗೆ ಬಿಸಿಗಾಳಿ ಬಿಡತೊಡಗಿದರು, ಆಗ ತಾನೇ ಸ್ನಾನ ಮಾಡಿಸಿದ ಕೂಸಿಗೆ ಬಿಟ್ಟ ಹಾಗೆ. ಇಣುಕಿ ನೋಡುತ್ತಿದ್ದ ಗಂಡ ಒಮ್ಮೆ ಗಕ್ಕನೆ ನಿಂತ. ಮುಖ ಬಿಳಿಚಿತು.

“ಮಾಮ, ಸ್ವಲ್ಪ ಏಳ್ತೀರಾ? ಆ ಕಡೆ ನಾನು ನೋಡ್ಕೋತೀನಿ.”

“ಕೂತ ಕೆಲಸ ಮುಗೀದೆ ನಾನು ಏಳೋನಲ್ಲ.”

ಅದೇ ಹೊತ್ತಿಗೆ ಪಕ್ಕದ ಬೀದಿಯಿಂದ ಗಂಡನ ಅಕ್ಕ ಬಂದಿಳಿದರು. ವಿಷಯ ಪೂರ್ತಿ ಕೇಳುವ ತಾಳ್ಮೆ ಅವರಿಗಿರಲಿಲ್ಲ. “ಆರಿಸಿ ಹಾಕಿದ್ರೆ ಎಲ್ಲಾ ಸರಿಯಾಗತ್ತೆ” ಎಂದು ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಹಾಕಿದರು. ಸರಿಯಾಗಲಿಲ್ಲ. ಇನ್ನೂ ಎರಡು ಸಲ ಮಾಡಿದರು. ಫ್ರಿಜ್ಜು ನರಳಿತು.

“ಇಲ್ಲಿಲ್ಲ ಕಣೋ ತಮ್ಮಾ, ಗೋಡೆಯೊಳಗೇ ಏನೋ ಆಗಿದೆ” ಎಂದು ಅಕ್ಕ ತೀರ್ಪು ಕೊಟ್ಟರು.

“ಅದೇ ತೇವ” ಎಂದರು ಮಾಮ. “ತಂತಿಯ ಪೈಪು ಒಡೆದು ನೋಡಬೇಕು. ಸುತ್ತಿಗೆ ತನ್ನಿ.”

ಅವಳು ಚಹಾ ಮಾಡಿದಳು, ಮತ್ತೆ ಮಾಡಿದಳು. ಗಡಿಯಾರ ಮೂರು ದಾಟಿತ್ತು. ಅವಳ ಪುಸ್ತಕ ಮುಚ್ಚಳವಿಲ್ಲದ ಕಂಪ್ಯೂಟರಿನೊಳಗೆ ಅಂಗಾತ ಬಿದ್ದಿತ್ತು. ಗಂಡ “ಬೇಡ ಮಾಮ, ಬೇಡ ಅಕ್ಕ” ಎಂದು ಅತ್ತಿತ್ತ ಬೆವರುತ್ತಿದ್ದ. ಅವನು ಕಟ್ಟಿದ್ದನ್ನು ಅವನೆದುರೇ ಒಡೆಯುತ್ತಾರಲ್ಲ ಎಂದು ಅವಳಿಗೆ ಕರುಳು ಚುರುಕ್ಕೆಂದಿತು. ಅಕ್ಕನ ಸುತ್ತಿಗೆಯ ಮೊದಲ ಏಟಿಗೆ ಗೋಡೆಯ ಗಾರೆ ಪುಡಿಯಾಗಿ ಉದುರಿತು.

“ನಿಲ್ಲಿಸಿ ಅತ್ತಿಗೆ! ತಪ್ಪು ನಂದು. ಬೆಳಿಗ್ಗೆ ಪೊರಕೆ ತಗುಲಿ ನೀಲಿ ತಂತಿಯ ಕ್ಲಿಪ್ಪು ಮುರೀತು. ಯಾರಿಗೂ ಹೇಳಲಿಲ್ಲ.”

ಗಂಡನ ಮುಖ ಬಿರುಬೇಸಿಗೆಯಲ್ಲಿ ತಣ್ಣೀರು ಕುಡಿದವರ ಮುಖದಂತೆ ಅರಳಿತು. ಅವಳು ಅದನ್ನು ಪ್ರೀತಿ ಎಂದುಕೊಂಡಳು.

“ಹೋಗ್ಲಿ ಬಿಡಿ, ಯಾರೂ ಅವಳನ್ನ ಏನೂ ಅನ್ನಬೇಡಿ” ಎಂದ ಗಂಡ, ದೊಡ್ಡ ಮನಸ್ಸಿನಿಂದ. “ನೀವೆಲ್ಲ ಅಡುಗೆಮನೇಲಿ ಕೂತ್ಕೊಳ್ಳಿ. ನಾನು ಸರಿ ಮಾಡ್ತೀನಿ. ಮಾಮ, ಈಗಲಾದ್ರೂ ಏಳಿ.”

“ಪ್ರೂಫಮ್ಮ ಹೋಗಿ ಪೊರಕಮ್ಮ ಆದ್ಲು!” ಅಕ್ಕ ನಗುತ್ತಲೇ ಫೋನು ತೆಗೆದು ತಂಗಿಗೆ ಸುದ್ದಿ ಮುಟ್ಟಿಸಿದರು.

“ಒದ್ದೆ ಪೊರಕೆ ಇರ್ಬೇಕು” ಎಂದರು ಮಾಮ. “ಹೇಳಲಿಲ್ವಾ ನಾನು, ತೇವ ಅಂತ?”

ಖಾಲಿ ಲೋಟಗಳನ್ನು ತರಲು ಅವಳು ನಡುಮನೆಯ ಬಾಗಿಲವರೆಗೆ ಬಂದಳು. ಅಲ್ಲೇ ನಿಂತಳು.

ಗಂಡ ನೀಲಿ ತಂತಿಯನ್ನು ಮುಟ್ಟಿಯೇ ಇರಲಿಲ್ಲ. ಪೆಟ್ಟಿಗೆಯಿಂದ ಗಿಡ್ಡನೆಯ ಹಳದಿ ತಂತಿಯೊಂದನ್ನು ಕಳ್ಳನ ಹಾಗೆ ಕೀಳುತ್ತಿದ್ದ. ಅದು ಯಾವ ಕಂಪ್ಯೂಟರಿಗೂ ಹೋಗಿರಲಿಲ್ಲ. ಪೆಟ್ಟಿಗೆಯ ಒಂದು ತೂತಿನಿಂದ ಹೊರಟು ಅದೇ ಪೆಟ್ಟಿಗೆಯ ಇನ್ನೊಂದು ತೂತನ್ನು ಹೊಕ್ಕಿತ್ತು, ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಗಿರಗಿರ ಸುತ್ತುವ ನಾಯಿಯ ಹಾಗೆ. ಒಂದು ತುದಿಯೂ ನೇತಾಡಬಾರದು ಎಂದು ನಿನ್ನೆ ಅವನೇ ತೋರಿಸಿದ ತೂತು! ತಂತಿ ಹೊರಬಂದದ್ದೇ ದೀಪಗಳ ಹುಚ್ಚಾಟ ನಿಂತಿತು. ಗಂಡ ಆಚೀಚೆ ನೋಡಿ, ಹಳದಿ ತಂತಿಯನ್ನು ಮಡಚಿ ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದ. ಕಂಪ್ಯೂಟರಿನ ಮುಚ್ಚಳ ಹಾಕಿ ಬಿಗಿದ.

ಅವಳು ಸದ್ದಿಲ್ಲದೆ ಹಿಂದಕ್ಕೆ ಸರಿದಳು.

“ಬಂತು! ಬಂತು!” ಗಂಡ ಕೂಗಿದ. “ಅವಳು ಮುರಿದಿದ್ದನ್ನ ಸರಿ ಮಾಡ್ಬಿಟ್ಟೆ!”

ಕ್ಲಿಪ್ಪಿಲ್ಲದ ನೀಲಿ ತಂತಿ, ಬೆಳಿಗ್ಗೆ ಅವಳು ತುರುಕಿದಲ್ಲೇ ಕೂತು, ಪುಸ್ತಕವನ್ನು ನಾಲ್ಕಕ್ಕೆ ಮುಂಚೆಯೇ ಮುದ್ರಣಾಲಯಕ್ಕೆ ದಾಟಿಸಿತು. ಮುಂದಿನ ಪುಸ್ತಕ ನಿಮಗೇ ಎಂದು ಉತ್ತರವೂ ಬಂತು.

ಎಲ್ಲರೂ ಹೊರಟ ಮೇಲೆ ಗಂಡ ನೆಲ ತೋರಿಸಿದ. “ಗಾರೆ ಪುಡಿ ಬಿದ್ದಿದೆ ನೋಡು. ಗುಡಿಸಿಬಿಡು. ಈ ಸಲ ಹುಷಾರು.”

“ನನಗೆ ಭಯ ರೀ” ಎಂದಳು ಅವಳು. “ಮತ್ತೆ ಏನಾದ್ರೂ ಮುರಿದ್ರೆ?”

ಪೊರಕೆಯನ್ನು ಅವನ ಕೈಗಿತ್ತಳು. ಅವನು ಬಗ್ಗಿ ಟೇಬಲ್ಲಿನ ಕೆಳಗೆ ಗುಡಿಸತೊಡಗಿದ. ಹಿಂದಿನ ಜೇಬಿನಿಂದ ಹಳದಿ ತಂತಿಯ ತುದಿ ಪುಟ್ಟ ಬಾಲದಂತೆ ಹೊರಗೆ ಇಣುಕಿ, ಪೊರಕೆಯ ತಾಳಕ್ಕೆ ಅಲ್ಲಾಡುತ್ತಿತ್ತು.

ಅವಳು ಬಾಗಿಲಿಗೆ ಒರಗಿ ಲೋಟದ ಕೊನೆಯ ಗುಟುಕು ಚಹಾ ಕುಡಿದಳು. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಬಿಟ್ಟವಳಲ್ಲ ಅವಳು. ಇದೊಂದನ್ನು ಮಾತ್ರ ಹಾಗೇ ಬಿಡುವುದೆಂದು ತೀರ್ಮಾನಿಸಿದಳು.